ರೇಶಮಿಯ ಗುಳಿಗೆ

ಕುರ್ತಕೋಟಿ,
೧೪-೮-೨೦೨೪

ಪ್ರೀತಿಯ ನೂರೀನ,

ನಿನ್ನ ಅಜ್ಜನ ದುವಾ. ಲಕ್ಷ್ಮೇಶ್ವರದ ಹಾಸ್ಟೆಲ್ ಊಟ ಹಿಡಿಸಿತೇ? ಕೆಮ್ಮು ಹೋಯಿತೇ? ನನ್ನ ಮಂಡಿನೋವು ಇದ್ದ ಹಾಗೇ ಇದೆ. ಫೋನಿನಲ್ಲಿ ನೀನು ಕೇಳುವುದು ಒಂದೇ, 'ರೇಶಮಿ ಹೆಂಗೈತಿ?' ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಬೆಕ್ಕನ್ನು ಎಂಥ ಪಂಡಿತರ ಕೈಗೆ ಬಿಟ್ಟು ಹೋದೆ ಕೇಳು. ಜೂನಿನಲ್ಲಿ ಅದರ ಒಸಡು ಬೆಳ್ಳಗಾಗಿ ಕಿವಿ ಹಳದಿಗೆ ತಿರುಗಿದಾಗ ಪಕ್ಕದ ಮನೆ ಶಂಕ್ರೆವ್ವ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು: 'ಕಾಮಾಲಿ ಆಗೇತಿ. ಮಾಂಸ ಮುಟ್ಟಿಸಬ್ಯಾಡ್ರಿ, ಮಜ್ಜಿಗಿ ಅನ್ನ ಹಾಕ್ರಿ.' ಐವತ್ತು ವರ್ಷದಲ್ಲಿ ನನ್ನ ಒಂದು ಮಾತೂ ಕೇಳದ ನಿನ್ನ ಅಜ್ಜಿ ಮೆಹಬೂಬಿ ಆಕೆಯ ಮಾತು ಕೇಳಿ ಮೂರು ದಿನ ಪಥ್ಯ ಮಾಡಿಸಿದಳು. ಬೆಕ್ಕಿಗೆ ಪಥ್ಯ! ಕೊನೆಗೆ ನಾನೇ ಗಾದಿ ತುಂಬುವ ಅರಳೆಯನ್ನು ಬುಟ್ಟಿಯಲ್ಲಿ ಹಾಸಿ, ಅದನ್ನು ಮಲಗಿಸಿಕೊಂಡು ಗದಗಿಗೆ ಒಯ್ದೆ. ಅಲ್ಲಿ ದನದ ಡಾಕ್ಟರ್ ಶೈಲಾ, ಮೊನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗಿ, ನನಗೇ ಪಾಠ ಹೇಳಿದಳು: 'ಅಜ್ಜಾರ, ಇದರ ಮೈನ ಇದರ ರಕ್ತಾನ ವೈರಿ ಅಂತ ತಿಳದು ಒಡದು ಹಾಕಾಕತ್ತೇತಿ. ಇನ್ನೆರಡು ದಿನ ತಡಾ ಮಾಡಿದ್ರ ಉಳೀತಿರಲಿಲ್ಲ. ಚಲೋ ಆದಂಗ ಕಂಡ್ರೂ ಗುಳಿಗಿ ಬಿಡಿಸಬ್ಯಾಡ್ರಿ. ನಾ ಹೇಳಿದಂಗ ಸ್ವಲ್ಪ ಸ್ವಲ್ಪ ಇಳಿಸೂಣು.'

ಎರಡೇ ವಾರದಲ್ಲಿ ರೇಶಮಿ ಅಟ್ಟ ಹತ್ತಿತು. ಮೊನ್ನೆ ಮತ್ತೆ ಬಿದ್ದುಕೊಂಡಿದೆ, ಒಸಡು ಮತ್ತೆ ಬಿಳಿ. ಈಗ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಾರಣ. ಶಂಕ್ರೆವ್ವ ದೃಷ್ಟಿ ತಗುಲಿದೆ ಅನ್ನುತ್ತಾಳೆ, ಅಜ್ಜಿ ಪಥ್ಯ ಮುರಿದದ್ದಕ್ಕೆ ಅನ್ನುತ್ತಾಳೆ, ನಿನ್ನ ಕಾಕಾ ಯೂಸುಫ ಡಾಕ್ಟರಮ್ಮನ ವಯಸ್ಸನ್ನೇ ದೂರುತ್ತಾನೆ. ತಲೆಯಲ್ಲಿ ಅರಳೆ ತುಂಬಿಕೊಂಡ ಜನ. ಇವರ ನಡುವೆ ನಾನೊಬ್ಬ ಹೇಗೋ ಬದುಕಿದ್ದೇನೆ.

ಚೆನ್ನಾಗಿ ಓದು. ಅಲ್ಲಾ ನಿನ್ನನ್ನು ಸುಖವಾಗಿಡಲಿ.

ನಿನ್ನ ಅಜ್ಜ,
ಮರ್ದಾನಸಾಬ

ತಾ.ಕ.: ಗುಳಿಗೆ ನಿಲ್ಲಿಸಿದ್ದು ನಾನೇ, ನೂರೀನ. ಜೀವನವಿಡೀ ಬೆರಳಲ್ಲಿ ಹಿಸುಕಿ ಅರಳೆಯ ಗುಣ ಹೇಳಿದವನು, ಬೆಕ್ಕಿನ ಮೈಯನ್ನೂ ಹಾಗೇ ಹಿಸುಕಿ ನೋಡಿ 'ಆರಾಮಾಗೇತಿ' ಎಂದು ಡಬ್ಬಿ ಎತ್ತಿಟ್ಟೆ. ಡಾಕ್ಟರಮ್ಮನಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿಲ್ಲ. ಫೋನಿನಲ್ಲಿ ನಿನಗೆ ಹೇಳಲು ಧೈರ್ಯ ಬರಲಿಲ್ಲ. ಈ ಸಲ ಉಳಿಯುವುದು ಕಷ್ಟವಂತೆ, ಗುಳಿಗೆ ಒಂದು ಹೊತ್ತೂ ತಪ್ಪಬಾರದಂತೆ. ಮೊದಲು ಮಾಂಸದ ಚೂರಿನಲ್ಲಿ ಇಟ್ಟು ಕೊಡುತ್ತಿದ್ದೆ, ಈಗ ಮಾಂಸವೂ ಬೇಡ. ನನ್ನ ಕೈ ಕಂಡರೆ ಬಾಯಿ ಬಿಗಿಹಿಡಿಯುತ್ತದೆ. ಪತ್ರ ತಂದ ನವಾಜನ ಜೊತೆಗೇ ಬಸ್ಸು ಹತ್ತು. ಬೈಯುವುದಿದ್ದರೆ ಅದಕ್ಕೆ ಗುಳಿಗೆ ನುಂಗಿಸಿದ ಮೇಲೆ ಬೈ.