ಕವುಚಿ ಮಲಗಿದ ಮಗುವಿನ ಬೆನ್ನು

14 ಅಕ್ಟೋಬರ್ 2025, ಮಂಗಳವಾರ

ನಾಳೆ ಮೂಡುಬಿದಿರೆಯಲ್ಲಿ ಮೆಡಿಕಲ್ ಕೋಡಿಂಗ್, ಅಂದರೆ ರೋಗ-ಚಿಕಿತ್ಸೆಗಳಿಗೆ ಕೋಡ್ ನಂಬರ್ ಹಾಕುವ ಕೋರ್ಸಿನ ಮರುಪರೀಕ್ಷೆ. ಇದರಲ್ಲೂ ಫೇಲಾದರೆ ಕೋರ್ಸಿನಿಂದಲೇ ಹೊರಗೆ. ದೇಹದ ದಿಕ್ಕುಗಳ ಹೆಸರೇ ನನಗೆ ತಲೆನೋವು. ಕಳೆದ ಸಲ ಇಪ್ಪತ್ತಕ್ಕೆ ಆರು.

ಬೆಳಿಗ್ಗೆ ಅತ್ತೆ ಕಾಲು ಚಾಚಿ ಕುಳಿತು, ನನ್ನ ಮಗ ಮನ್ವಿತನನ್ನು ಕಾಲ ಮೇಲೆ ಕವುಚಿ ಹಾಕಿ ಎಣ್ಣೆ ತಿಕ್ಕುತ್ತಿದ್ದರು. ನಾನು ಅವನ ಬೆನ್ನು ಮುಟ್ಟಿ, "ಇದು ಮೇಲಿದೆ, ಹಾಗಾಗಿ ಆಂಟೀರಿಯರ್" ಎಂದು ಬಾಯಿಪಾಠ ಮಾಡುತ್ತಿದ್ದೆ.

"ಎಂತ ಮಾರಾಯ್ತಿ, ಮಗುವಿಗೆ ಮಂತ್ರ ಹಾಕ್ತೀಯಾ?"

"ಅಲ್ಲ ಅತ್ತೆ, ಆಂಟೀರಿಯರ್ ಅಂದ್ರೆ ದೇಹದ ಮುಂಭಾಗ."

"ಅಯ್ಯೋ, ಕವುಚಿ ಹಾಕಿದ ಕೂಡ್ಲೆ ಬೆನ್ನು ಹೊಟ್ಟೆ ಆಗ್ತದಾ?"

ಅಷ್ಟೇ! ಅಂಗಾತ ಮಲಗಲಿ, ಕವುಚಲಿ, ಬೆನ್ನು ಯಾವಾಗಲೂ ಹಿಂಭಾಗವೇ, ಪೋಸ್ಟೀರಿಯರ್. ಇಷ್ಟು ದಿನ ನಾನು ಚಾವಣಿ ನೋಡಿ ದಿಕ್ಕು ಹೇಳುತ್ತಿದ್ದೆ, ನೋಡಬೇಕಾದದ್ದು ಮಲಗಿದವನನ್ನು. ಸಂಜೆ ಹಳೆಯ ಪ್ರಶ್ನೆಪತ್ರಿಕೆಯನ್ನೇ ಮತ್ತೆ ಬಿಡಿಸಿದೆ. ಇಪ್ಪತ್ತಕ್ಕೆ ಹತ್ತೊಂಬತ್ತು! ಅತ್ತೆಗೆ ತೋರಿಸಿದರೆ, "ಒಂದು ಎಲ್ಲಿ ಹೋಯ್ತು?" ಅಂತಾರೆ.

ರಾತ್ರಿ ಗಂಟೆ ಒಂದಾಯಿತು. ಮನ್ವಿತ ಹುಟ್ಟಿದ ಈ ನಾಲ್ಕು ತಿಂಗಳು, ಉಸಿರಾಡುತ್ತಿದ್ದಾನಾ ಎಂದು ಎದ್ದೆದ್ದು ನೋಡುವುದರಲ್ಲೇ ನನ್ನ ರಾತ್ರಿಗಳು ಕಳೆದಿವೆ. ಇವತ್ತು ಮೊದಲ ಸಲ ಖುಷಿಗೆ ನಿದ್ದೆ ಬರುತ್ತಿಲ್ಲ. ಬಿ.ಸಿ. ರೋಡಿನಿಂದ ಮೂಡುಬಿದಿರೆಗೆ ಏಳೂವರೆಯ ಬಸ್ಸು ಉಂಟು. ಒಮ್ಮೆ ಬೆಳಗಾಗಲಿ.