ತಂಗಿಯ ಬಿಲ್ಲಿನ ಗಟ್ಟಿ ತೋಳು

ಅಪ್ಪಾ,

ತಂಗಿಯ ಬಿಲ್ಲಿನ ಎರಡು ತೋಳುಗಳೂ ಆದವು. ಬಿದಿರಿನ ಪಟ್ಟಿಗಳ ಅಂಟು ಒಣಗಿದೆ, ತುದಿಗಳು ನೀವು ಬರೆದುಕೊಟ್ಟ ಹಾಗೆಯೇ ಮುಂದಕ್ಕೆ ಬಾಗಿವೆ. ಆದರೆ ಹೆದೆ ಕಟ್ಟಿ ಎಳೆದರೆ ಮೇಲಿನ ತೋಳು ಸಲೀಸಾಗಿ ಬಗ್ಗುತ್ತದೆ, ಕೆಳಗಿನದು ಜಗ್ಗುವುದಿಲ್ಲ.

“ಎರಡೂ ಸಮ ಬಗ್ಬೇಕಂದ್ರೆ ಗಟ್ಟಿ ಇರೋದನ್ನೇ ಕೆರೀಬೇಕು, ಮೆತ್ತಗಿರೋದನ್ನ ಮುಟ್ಬಾರ್ದು” ಅಂದಿರಲ್ಲ, ಮನೆಯಲ್ಲೂ ನಿಮ್ಮದು ಅದೇ ಕಾನೂನು. ತಂಗಿ ಮುಖ ಊದಿಸಿಕೊಂಡರೆ ನನ್ನ ಕೋಣೆ ಅವಳದಾಗುತ್ತದೆ. ಅವಳು ಬಿಲ್ಲು ಕೇಳಿದರೆ ನನ್ನ ರಜೆಯೆಲ್ಲ ಬಿದಿರಿನ ಪುಡಿಯಾಗುತ್ತದೆ. ನನಗೂ ಒಂದು ಬೇಕಾ ಎಂದು ಯಾರೂ ಕೇಳಲಿಲ್ಲ. ಹೊಟ್ಟೆಕಿಚ್ಚು ಅಂತೀರಾ? ಹೌದು, ಹೊಟ್ಟೆಕಿಚ್ಚೇ.

ಕೆಳಗಿನ ತೋಳನ್ನು ಕೈಲಾದಷ್ಟು ಕೆರೆದು ಮೇಜಿನ ಮೇಲಿಟ್ಟಿದ್ದೇನೆ. ಇನ್ನು ನೀವೇ ನೋಡಿಕೊಳ್ಳಿ. ಗಟ್ಟಿಯದೆಂದು ಕೆರೆಯುತ್ತಲೇ ಹೋಗಬೇಡಿ ಅಪ್ಪಾ, ಕೊನೆಗೆ ಅದೇ ಮುರಿಯುವುದು.

ಇಂತಿ,
ನಿಮ್ಮ ದೊಡ್ಡ ಮಗಳು