ಅಮ್ಮ ಒತ್ತದ ಬೆಲ್

ಫೆಬ್ರವರಿ 4
ಮತ್ತೆ ಚುರದ ಘಾಟಿ ರಸ್ತೆ ಇಳಿದು ಆಸ್ಪತ್ರೆ. ತಿರುವಿಗೊಂದು ವಾಂತಿ — ನನಗೆ, ಅಮ್ಮನಿಗಲ್ಲ.

ಅವಳ ತೊಡೆಯ ಕ್ಯಾನ್ಸರ್ ಗಡ್ಡೆಗೆ ಮೊದಲು ಯಂತ್ರದ ಕಾವು, ಆಮೇಲೆ ಕೀಮೋ. ಗಡ್ಡೆ ಕುಗ್ಗಿದರೆ ಕಾಲು ಉಳಿಯುತ್ತದೆ. ಇಲ್ಲದಿದ್ದರೆ ತೆಗೆಯಬೇಕು. ಕಾವು ಎಷ್ಟೇರಿತೆಂದು ಸೂಜಿ ಚುಚ್ಚಿ ನೋಡುವುದಿಲ್ಲ, ಎಂ.ಆರ್.ಐ.ಯೊಳಗೇ ಮಲಗಿಸಿ, ಪರದೆಯ ಬಣ್ಣದಲ್ಲಿ ನೋಡುತ್ತಾರೆ. ಕೈಗೊಂದು ರಬ್ಬರ್ ಬೆಲ್. ಸುಟ್ಟರೆ ಒತ್ತಬೇಕು. ಅಮ್ಮ ಒತ್ತಲೇ ಇಲ್ಲ.

"ಜಯಮ್ಮ ಒಳ್ಳೇ ಪೇಷಂಟ್" ಎಂದರು ಸಿಸ್ಟರ್ ಲೀಲ. ನನಗೂ ಹೆಮ್ಮೆ.

ಫೆಬ್ರವರಿ 6
ಮನೆ. ಸೀರೆ ಉಡಿಸುವಾಗ ಕಂಡಿತು. ತೊಡೆಯ ಮೇಲೆ ನಿಂಬೆಕಾಯಿಯಷ್ಟು ಸುಟ್ಟ ಗುಳ್ಳೆ.

"ಇದೇನಮ್ಮಾ!"

"ಸಾರಮಿಲ್ಲ, ಬಿಡು."

ಮನೆಗೆ ಬೆಂಕಿ ಬಿದ್ದರೂ ಸಾರಮಿಲ್ಲ, ಪರವಾಗಿಲ್ಲ ಅನ್ನುವವಳು!

ಡಾಕ್ಟರ್ ಸೋಮನ್‌ಗೆ ಫೋನ್ ಮಾಡಿದೆ. "ಚರ್ಮದಡಿಯ ಕೊಬ್ಬಿನ ಬಿಸಿ ನಮ್ಮ ಪರದೆಗೆ ಸಿಗಲ್ಲ ಟೀಚರೇ. ಅದನ್ನ ಅಮ್ಮನೇ ಹೇಳ್ಬೇಕು. ಇನ್ನೊಮ್ಮೆ ಸುಟ್ಟರೆ ಕಾವು ನಿಲ್ಲಿಸ್ಬೇಕಾಗ್ತದೆ."

ನಿಲ್ಲಿಸಿದರೆ ಕಾಲು ಹೋದಂತೆಯೇ.

ಫೆಬ್ರವರಿ 7
ಕೊನೆಗೂ ಬಾಯಿ ಬಿಡಿಸಿದೆ. ಬಸದಿಯಲ್ಲಿ ವ್ರತ ಹಿಡಿದಿದ್ದಾಳೆ — ಯಂತ್ರದೊಳಗೆ ಇರುವಷ್ಟು ಹೊತ್ತು ಮೌನ, ಎಷ್ಟು ಸುಟ್ಟರೂ ಸಹನೆ.

"ಪಾರ್ಶ್ವನಾಥ ಸ್ವಾಮಿ ಎಷ್ಟು ಉಪಸರ್ಗ, ಎಷ್ಟು ಕಾಟ ಸಹಿಸಿದ್ರು. ನಂಗೆ ಬರೀ ಬಿಸಿ."

"ಬೆಲ್ ಒತ್ತೋದು ಮಾತಲ್ವಲ್ಲಮ್ಮ!"

"ಒತ್ತಿದ್ರೆ ಸಹಿಸ್ದ ಹಾಗಾಯ್ತಾ?"

ಸಿಟ್ಟು, ಅಳು ಒಟ್ಟಿಗೇ ಬಂತು. ವ್ರತ ಮುರಿ ಅನ್ನುವ ಬಾಯಿ ನನಗೂ ಇಲ್ಲ.

ಫೆಬ್ರವರಿ 11, ಮಧ್ಯಾಹ್ನ
ಕಾಡಿಬೇಡಿ ಯಂತ್ರದ ಕೋಣೆಯೊಳಗೆ ಹೋದೆ. ಬಳೆ, ಓಲೆ, ಪಿನ್ನು ಎಲ್ಲ ಬಿಚ್ಚಿಟ್ಟು ಅಮ್ಮನ ಪಕ್ಕ ಕೂತೆ. ಕಣ್ಣು ಮುಚ್ಚಿದ್ದಳು. ಮುಖ ಶಾಂತ. ಆಚೆ ಪರದೆಯೂ ಶಾಂತವಾಗೇ ಇತ್ತಂತೆ. ನಾನು ನೋಡಿದ್ದು ಅವಳ ಕಾಲಿನ ಹೆಬ್ಬೆರಳನ್ನು. ಮೆಲ್ಲನೆ ಮಡಚಿತು. ಇನ್ನಷ್ಟು ಮಡಚಿತು.

ಅವಳ ಮುಷ್ಟಿಯ ಮೇಲೆ ಕೈಯಿಟ್ಟು ನಾನೇ ಬೆಲ್ ಒತ್ತಿಬಿಟ್ಟೆ.

ಕಾವು ತಗ್ಗಿಸಿ, ಚರ್ಮ ತಂಪಾಗಿಡಲು ತೊಡೆಗೆ ಸುತ್ತಿದ್ದ ನೀರಿನ ಚೀಲ ಸರಿಸಿ, ಮತ್ತೆ ಶುರು ಮಾಡಿದರು. ಮತ್ತೆ ಮಡಚಿತು. ಮತ್ತೆ ಒತ್ತಿದೆ. ಅಮ್ಮ ಕಣ್ಣು ತೆರೆದು ನನ್ನನ್ನು ನೋಡಿದಳು... ಆ ನೋಟ!

ಫೆಬ್ರವರಿ 13
ಕೀಮೋ ಮುಗಿಸಿ ವಾಪಸ್. ಚುರದಲ್ಲಿ ಬ್ಲಾಕ್, ಬಸ್ ನಿಂತಿದೆ. ಗುಳ್ಳೆ ಎದ್ದಿಲ್ಲ. ಮುಂದಿನ ವಾರವೂ ಕಾವು ಕೊಡುತ್ತಾರೆ.

ಅಮ್ಮ ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ವ್ರತ ಯಂತ್ರದೊಳಗೆ ಮಾತ್ರ. ಇದು ಶುದ್ಧ ಕೋಪ. ಇರಲಿ. ಮುಂದಿನ ವಾರವೂ ಒತ್ತುವವಳೇ ನಾನು.

ವಾಂತಿ ಬರ್ತಿದೆ ಅಂದೆ. ಕಿಟಕಿಯಿಂದ ಮುಖ ತಿರುಗಿಸದೆಯೇ ನಿಂಬೆಹಣ್ಣು ಚಾಚಿದಳು. ಅವಳ ಎರಡೂ ಕಾಲು ನನ್ನ ಚೀಲದ ಮೇಲೆ. ಭಾರ...

ಬಸ್ ಹೊರಟಿತು, ಬರೆಯಲು —